ಕಾಲು ಮುಂದಾಗಿ ಹುಟ್ಟಿದವಳ ಕೇಸು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ ಹಾಸುತ್ತಿದ್ದ ಜಮಖಾನೆ ಕೆಂಪಗಿತ್ತೇ ಹಸಿರಾಗಿತ್ತೇ ಎಂಬುದು ಈಗ ನನಗೆ ಖಾತ್ರಿಯಿಲ್ಲ. ಕೆಂಪು ಎಂದು ಬರೆದರೆ ನೆನಪು ಒಪ್ಪಿಕೊಳ್ಳುತ್ತದೆ, ಹಸಿರು ಎಂದು ಬರೆದರೂ ತಕರಾರು ಮಾಡುವುದಿಲ್ಲ. ಹೀಗೆ ಎರಡಕ್ಕೂ ತಲೆಯಾಡಿಸುವ ಸಾಕ್ಷಿಯನ್ನು ಯಾವ ಕೋರ್ಟೂ ಹತ್ತಿರ ಬಿಟ್ಟುಕೊಳ್ಳಲಾರದು. ನನ್ನಂಥ ಡೈರಿ ಬರೆಯುವವರಿಗೆ ಮಾತ್ರ ಬೇರೆ ಸಾಕ್ಷಿಯೇ ಇರುವುದಿಲ್ಲ. ಆ ಜಮಖಾನೆಯ ಮೇಲೆ ಆಗಾಗ ಯಾರಾದರೊಬ್ಬ ದೊಡ್ಡವರು ಬೋರಲು ಮಲಗಿರುತ್ತಿದ್ದರು ಎಂಬುದಂತೂ ಖರೆ. ಅವ್ವ ನನ್ನ ಎಡಗಾಲನ್ನು ತೊಳೆದು ಸೆರಗಿನಿಂದ ಒರೆಸಿ, ಪೂಜೆಯ ಸಾಮಾನನ್ನು ಇಡುವಷ್ಟೇ ಜೋಪಾನವಾಗಿ ನನ್ನನ್ನು ಅವರ ಪಕ್ಕದಲ್ಲಿ ನಿಲ್ಲಿಸುತ್ತಿದ್ದಳು. ನಾನು ಗೋಡೆ ಹಿಡಿದುಕೊಂಡು, ಅವರ ಟೊಂಕದ ಮೇಲೆ ಎಡಗಾಲಿನಿಂದ ಒದೆಯುತ್ತಿದ್ದೆ.

ಗಾಬರಿಯಾಗಬೇಡಿ. ಟೊಂಕವೆಂದರೆ ಸೊಂಟ, ಒದೆಯುವುದೆಂದರೆ ಚಿಕಿತ್ಸೆ. ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮುಟ್ಟಿದರೆ ಹಿಡಿದ ಟೊಂಕ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಉಳಿದ ಮಕ್ಕಳೆಲ್ಲ ತಲೆ ಮುಂದೆ ಮಾಡಿ ಈ ಲೋಕವನ್ನು ಇಣುಕಿ ನೋಡಿ ಬಂದರೆ, ನಾನು ಹೊಸ್ತಿಲು ದಾಟುವ ಮದುಮಗಳಂತೆ ಕಾಲು ಮುಂದಿಟ್ಟು ಬಂದವಳು ಎಂದು ಅವ್ವ ಹೇಳುತ್ತಿದ್ದಳು. ಆದ್ದರಿಂದ ಓಣಿಯ ಟೊಂಕಗಳೆಲ್ಲ ನನ್ನ ಪಾಲಿಗೆ ಬಂದವು. ಹಿರಿಯರಿಗೆ ಕಾಲು ತಾಗಿಸುವುದು ಪಾಪವಾದ್ದರಿಂದ, ಒದ್ದ ತಕ್ಷಣ ನಾನು ಅದೇ ಮನುಷ್ಯರ ಪಾದ ಮುಟ್ಟಿ ನಮಸ್ಕಾರ ಮಾಡಬೇಕಿತ್ತು. ಹೀಗೆ ಪಾಪವೂ ಪರಿಹಾರವೂ ಒಂದೇ ದೇಹದ ಎರಡು ತುದಿಗಳಲ್ಲಿ ಮುಗಿದುಹೋಗುತ್ತಿದ್ದವು. ಎದ್ದವರು ಟೊಂಕ ತಿರುಗಿಸಿ ನೋಡಿ, "ಹಗೂರಾತು ನೋಡವ್ವಾ" ಎಂದು ಅಮೀನಗಡದ ಕರದಂಟಿನ ತುಂಡು ಕೈಗಿಡುತ್ತಿದ್ದರು. ನನ್ನ ಮೊದಲ ರೋಗಿ ಅವ್ವನ ತಮ್ಮ, ಸಂಗಪ್ಪ ಮಾಮಾ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆ ಮೊದಲ ಒದೆತ ನನಗೆ ನೆನಪಿದೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಈಗ ಅನಿಸುತ್ತದೆ, ನನಗೆ ನೆನಪಿರುವುದು ಒದೆತವಲ್ಲ, ಅದನ್ನು ಮತ್ತೆ ಮತ್ತೆ ಹೇಳಿದವರ ದನಿ.

ಇಂಥ ಬಾಲ್ಯದವಳು ಮುಂದೆ ಫಿಸಿಯೋಥೆರಪಿ ಓದಿದ್ದರಲ್ಲಿ ಆಶ್ಚರ್ಯವಿಲ್ಲ. ಓದು ಮುಗಿದ ಮೇಲೆ ಬಾಗಲಕೋಟೆಯ ನವನಗರದಲ್ಲಿ ನದಾಫ್ ಸರ್ ಅವರ ಕ್ಲಿನಿಕ್ಕಿನಲ್ಲಿ ಕೈರೊಪ್ರಾಕ್ಟಿಕ್ ಕಲಿಯಲು ಸೇರಿದೆ. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಒತ್ತಿ, ತಿರುಗಿಸಿ, ಸಡಿಲಿಸುವ ವಿದ್ಯೆ ಅದು. ಮೊಬೈಲಿನಲ್ಲಿ ನೀವೂ ನೋಡಿರುತ್ತೀರಿ: ಕುತ್ತಿಗೆ 'ಟಕ್' ಎನ್ನುತ್ತದೆ, ರೋಗಿ ನಗುತ್ತಾನೆ, ಕೆಳಗೆ ಸಾವಿರಾರು ಜನ ಮೆಚ್ಚಿ ಹೃದಯ ಒತ್ತುತ್ತಾರೆ. ನಾವು ಸೇರಿದವರೆಲ್ಲ ಆ 'ಟಕ್' ಕಲಿಯಲೆಂದೇ ಬಂದವರು. ನದಾಫ್ ಸರ್ ವಿದೇಶದಲ್ಲಿ ಓದಿ ಬಂದವರಾದರೂ ಬಾಗಲಕೋಟೆಯ ಹಳೇ ಊರಿನ ಮನೆತನದವರು. ಅವರ ಹಳೇ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿದೆ, ನಾಲಿಗೆ ಮಾತ್ರ ಅಲ್ಲೇ ಇದೆ. ಮೊದಲ ದಿನವೇ ಅವರು ಹೇಳಿದರು: "ಟಕ್ ಅನ್ನಿಸೂದನ್ನ ನಾ ನಿಮಗ ಒಂದ ವಾರದಾಗ ಕಲಸ್ತೇನಿ. ಯಾರಿಗೆ ಟಕ್ ಅನ್ನಿಸಬಾರದು ಅನ್ನೂದನ್ನ ಕಲಸಾಕ ಮಾತ್ರ ಭಾಳ ದಿವಸ ಬೇಕು."

ಅದನ್ನು ಕಲಿಸುವ ಜಾಗವೇ ಶನಿವಾರ ಮಧ್ಯಾಹ್ನದ ಕೇಸ್ ಚರ್ಚೆ. ನಡುವೆ ಒಂದು ಕುರ್ಚಿ, ಅದರ ಮೇಲೆ ರೋಗಿ, ಸುತ್ತ ನಾವು. ನಮ್ಮಲ್ಲೊಬ್ಬರು ಕೇಸು ಹೇಳಬೇಕು: ರೋಗಿಗೆ ಏನಾಗಿದೆ, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ. ಕೇಳಲು ಇದು ಸರಳ. ಆದರೆ ನಾವು ಹೇಳಿದ ಪ್ರತಿ ಮಾತಿಗೂ ಸರ್ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು: "ಇದು ರೋಗಿ ಹೇಳಿದ್ದೋ, ನೀ ನೋಡಿದ್ದೋ, ನಿನಗ ಅನಸಿದ್ದೋ?" ಒಡೆಯನಿಲ್ಲದ ಮಾತಿಗೆ ಅವರ ಕೋಣೆಯಲ್ಲಿ ಜಾಗವಿರಲಿಲ್ಲ. ನನ್ನ ಜೊತೆಗಾರ ಪ್ರವೀಣ ಒಮ್ಮೆ, "ರೋಗಿ ಭಾಳ ಚಿಂತಿಯೊಳಗ ಅದಾರ್ರಿ ಸರ್" ಎಂದ.

"ಅವರು ಹೇಳಿದ್ರೇನು?"

"ಇಲ್ರೀ, ಮಾರಿ ನೋಡಿ ಹೇಳಿದೆ."

ಕುರ್ಚಿಯಲ್ಲಿದ್ದ ಮನುಷ್ಯ ಮೆಲ್ಲಗೆ ಕೈಯೆತ್ತಿ, "ನನ್ನ ಮಾರೀನ ಹಂಗ ಐತ್ರಿ ತಮ್ಮಾ, ಮದುವಿ ಫೋಟೋದಾಗೂ ಹಂಗ ಐತಿ" ಎಂದರು.

ನಾವೆಲ್ಲ ನಕ್ಕೆವು, ರಾತ್ರಿ ಡೈರಿ ಬರೆಯಲು ಕೂತಾಗ ಮಾತ್ರ ನನ್ನ ನಗೆ ನಿಂತಿತು. ಅಷ್ಟು ವರ್ಷ ನಾನು ಬರೆದಿಟ್ಟ ದಿನಗಳಲ್ಲಿ ನೋಡಿದ್ದೆಷ್ಟು, ಕೇಳಿದ್ದೆಷ್ಟು, ಅನಿಸಿದ್ದೆಷ್ಟು? ನನ್ನ ಬದುಕಿನ ಕೇಸನ್ನು ನದಾಫ್ ಸರ್ ಮುಂದೆ ಓದಿದರೆ ಎಷ್ಟು ಸಾಲು ಉಳಿದೀತು? ಅನಿಸಿದ್ದನ್ನು ತೆಗೆದರೆ ಪ್ರೇಮವಿಲ್ಲ, ಕೇಳಿದ್ದನ್ನು ತೆಗೆದರೆ ಬಾಲ್ಯವಿಲ್ಲ. ನೋಡಿದ್ದಷ್ಟೇ ಉಳಿದರೆ ಒಂದಿಷ್ಟು ಬಸ್ ಪ್ರಯಾಣ ಮತ್ತು ಊಟ. ಮನುಷ್ಯರು ತಮ್ಮ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಬೇರೆಯವರು ಹೇಳಿದ್ದೇ. ಹುಟ್ಟಿದ್ದನ್ನಂತೂ ಯಾರೂ ತಾವಾಗಿ ನೋಡಿಕೊಂಡಿಲ್ಲ. ಹುಟ್ಟಿದ ಊರು, ಹೊತ್ತು, ಹುಟ್ಟಿದ ಬಗೆ, ಎಲ್ಲವೂ ಕಿವಿಯಿಂದ ಬಂದ ಆಸ್ತಿ. ಇಷ್ಟು ಬರೆದು ನಾನು ತತ್ವಜ್ಞಾನಿಯಂತೆ ಮಲಗಿದೆ. ಆ ಆಸ್ತಿಯ ಮೇಲೆ ಸದ್ಯದಲ್ಲೇ ದಾವೆ ಬೀಳಲಿದೆ ಎಂಬುದು ಆಗ ಗೊತ್ತಿರಲಿಲ್ಲ.

ರೋಗಿಯ ಬೆನ್ನ ಮೇಲೆ ಕೈಯಿಡಲು ಸರ್ ಅಪ್ಪಣೆ ಕೊಡಬೇಕಾದರೆ ನಾವು ತಲಾ ಒಂದು ಸ್ವಂತ ಕೇಸು ತಂದು ಗೆಲ್ಲಬೇಕಿತ್ತು. ನಾನು ಯಾರನ್ನು ಕರೆತರಲಿ ಎಂದು ಹುಡುಕುತ್ತಿದ್ದಾಗಲೇ ಬಾದಾಮಿಯಿಂದ ಸಂಗಪ್ಪ ಮಾಮಾನ ಫೋನು ಬಂತು. ಮಾಮಾನಿಗೆ ಅಲ್ಲಿ ಇಳಕಲ್ ಸೀರೆಗಳ ಅಂಗಡಿ. ದಿನವಿಡೀ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸೀರೆ ಬಿಚ್ಚಿ ಬಿಚ್ಚಿ ತೋರಿಸಿ, ಗುಹೆ ನೋಡಲು ಬಂದವರನ್ನು ಸೆರಗಿಗೆ ಸಿಕ್ಕಿಸುವುದು ಅವನ ಕಸುಬು. ಗಾದಿ ಬಿಟ್ಟರೆ ತಾನು ಸಂಗಪ್ಪನೇ ಅಲ್ಲ ಎಂಬಂತೆ ಕೂರುವ ಮನುಷ್ಯ. ಸೀರೆಯ ಗಂಟು ಎತ್ತುವಾಗ ಟೊಂಕ ಹಿಡಿದಿತ್ತು. "ನೀಲವ್ವಾ, ಕಾಲ ತಯಾರ ಇಟಗೋ, ಶನಿವಾರ ಬರ್ತೇನಿ" ಎಂದ. ಕಾಲಲ್ಲ, ಕೈ ಎಂದು ನಾನು ಹೇಳುವಷ್ಟರಲ್ಲಿ ಫೋನು ಇಟ್ಟಿದ್ದ.

ಶನಿವಾರ ಬಂದ. ಹಣೆಗೆ ವಿಭೂತಿ, ಇಸ್ತ್ರಿ ಅಂಗಿ, ಕೈಯಲ್ಲಿ ಕರದಂಟಿನ ಡಬ್ಬಿ. ಒದೆಸಿಕೊಳ್ಳಲು ಬಂದವನಂತೆ ಅಲ್ಲ, ಬೀಗರ ಮನೆಗೆ ಬಂದವನಂತೆ. ಕ್ಲಿನಿಕ್ಕು ಮಹಡಿಯ ಮೇಲಿತ್ತು. ಒಂದು ಕೈಯಿಂದ ಕಟಾಂಜನ ಹಿಡಿದು ಮೆಟ್ಟಿಲು ಹತ್ತಿದ. ಬಾಗಿಲ ಬಳಿ ಚಪ್ಪಲಿ ಬಿಡುವುದು ನಮ್ಮಲ್ಲಿ ರೂಢಿ. ಅವನೂ ಬಾಗಿಲ ಬಳಿ ಕಾಲಾಡಿಸಿ ಒಳಗೆ ಬಂದ.

ನಾನು ಗಂಟಲು ಸರಿಮಾಡಿಕೊಂಡು ಕೇಸು ಶುರುಮಾಡಿದೆ. ಐವತ್ತರ ಆಸುಪಾಸಿನ ಗಂಡಸು, ವೃತ್ತಿ ಸೀರೆ ವ್ಯಾಪಾರ, ಭಾರ ಎತ್ತುವಾಗ ಸೊಂಟ ಹಿಡಿದದ್ದು, ನೋವು ಎಡಗಾಲಿಗೆ ಇಳಿದದ್ದು, ಈಗ ಕಾಲಿನ ನೋವು ಕಡಿಮೆಯಾಗಿರುವುದು.

"ಕಡಿಮಿ ಆಗೈತಿ ಅಂತ ಯಾರು ಹೇಳಿದ್ದು?" ಸರ್ ಕಣ್ಣು ಮುಚ್ಚಿದ್ದರು.

"ರೋಗಿ ಹೇಳಿದ್ದು ಸರ್."

"ಹೌದ್ರಿ, ನಾನ ಹೇಳೇನಿ" ಎಂದ ಮಾಮಾ, ಹೆಮ್ಮೆಯಿಂದ. "ಮೊದಲ ಭಾಳ ಇತ್ರಿ. ಈಗ ಅರ್ಧಾ ಹೋಗೈತಿ. ಉಳದರ್ಧಾ ಈಕಿ ಒದ್ದಳಂದ್ರ ಹೊಕ್ಕತಿ."

ಸರ್ ಒಂದು ಕಣ್ಣು ತೆರೆದರು. "ಏನಂದ್ರಿ?"

"ಒದೀತಾಳ್ರಿ. ಕಾಲ ಮುಂದಾಗಿ ಹುಟ್ಟ್ಯಾಳ್ರಿ ನಮ್ಮ ಹುಡುಗಿ. ನಿಮಗ ಹೇಳಿಲ್ಲೇನು? ಇಂಥಾ ಗುಣಾ ಮುಚ್ಚಿಟ್ಟಾಳ ನೋಡ್ರಿ, ಭಾಳ ಸಂಕೋಚದ ಹುಡುಗಿ!"

ನೆಲ ಬಾಯಿ ತೆರೆದರೆ ಕಾಲು ಮುಂದಾಗಿಯೇ ಅದರೊಳಗೆ ಇಳಿದುಬಿಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿನ ವೇಷದಲ್ಲಿ ನಗುತ್ತಿದ್ದರು. ಸರ್ ಮಾತ್ರ ನಗಲಿಲ್ಲ. ಎರಡೂ ಕಣ್ಣು ತೆರೆದು, ಗಂಭೀರವಾಗಿ, "ಹಿಂದಿನ ಚಿಕಿತ್ಸೆ: ಒದೆತ. ಹೇಳವ್ವಾ, ಯಾವ ಕಾಲು? ಎಲ್ಲಿ? ಎಷ್ಟು ಜೋರು?" ಎಂದರು. ನಾನು ಹೇಳಬೇಕಾಯಿತು: ಎಡಗಾಲು, ಟೊಂಕದ ನಡುವೆ, ಮೆಲ್ಲಗೆ. "ಪರಿಣಾಮ?"

"ಅಗದೀ ಬೆಸ್ಟ್ ರಿ" ಎಂದ ಮಾಮಾ.

ಸರ್ ಮುಂದುವರಿದರು. ಇಂಥ ಕೇಸಿನಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಮೂತ್ರಕ್ಕೆ ಹೋಗುವುದು ಸರಿಯಾಗಿದೆಯೇ? ಟೊಂಕದ ನರಗಳು ಪೂರ್ತಿ ಅದುಮಿಹೋದರೆ ಅದು ಕೆಡುತ್ತದೆ, ಆಗ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ನಾನು "ಸರಿ ಐತ್ರಿ ಸರ್" ಎಂದೆ.

"ರೋಗಿ ಹೇಳಿದ್ದೋ, ನಿನಗ ಅನಸಿದ್ದೋ?"

ಸೋದರಮಾವನಿಗೆ ಈ ಪ್ರಶ್ನೆಯನ್ನು ಕೇಳುವ ಸೊಸೆ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕು, ತಲೆ ಮುಂದಾಗಿಯೋ ಕಾಲು ಮುಂದಾಗಿಯೋ. ನಾನು ಸುತ್ತು ಬಳಸಿ ಅತ್ತಿಗೆ, ಅಂದರೆ ಮಾಮಾನ ಹೆಂಡತಿಗೆ, ಫೋನು ಮಾಡಿ ಕೇಳಿದ್ದೆ. ಆಕೆ "ನಾ ಏನು ಅವರ ಹಿಂದ ಕಾವಲಾ ಹೊಕ್ಕೇನೇನ?" ಎಂದು ನಕ್ಕು ಫೋನಿಟ್ಟಿದ್ದಳು. ಆ ನಗುವನ್ನೇ ನಾನು 'ಸರಿ ಐತಿ' ಎಂದು ಅನುವಾದಿಸಿಕೊಂಡಿದ್ದೆ. ಇದನ್ನು ಹೇಳಿದಾಗ ಸರ್, "ಅಂದ್ರ ಅತ್ತಿ ನಕ್ಕದ್ದು ನಿನಗ ಅನಸಿದ್ದು" ಎಂದು ಷರಾ ಬರೆದು, ಮಾಮಾನನ್ನು ತಾವೇ ಕೇಳಿದರು. ಮಾಮಾ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡುತ್ತ, "ಹುಡುಗಿ ಮುಂದ ಏನ ಕೇಳ್ತೀರಿ ಸರ್... ಎಲ್ಲಾ ಬರಾಬರ್ ಐತಿ" ಎಂದ.

ಆಗಲೇ ಪ್ರವೀಣ ತಡವಾಗಿ ಒಳಗೆ ಬಂದ. ಕೈಯಲ್ಲಿ ಒಂದು ಚಪ್ಪಲಿ ಹಿಡಿದಿದ್ದ. "ಯಾರದ್ರಿ ಇದು? ಕೆಳಗ ಮೆಟ್ಟಲ ಮ್ಯಾಲ ಬಿದ್ದಿತ್ತು. ನಾಯಿ ಎಳಕೊಂಡ ಹೊಂಟಿತ್ತು, ಕಸಗೊಂಡ ಬಂದೆ."

"ಏ, ನಂದ ಐತಲ್ಲೋ ಅದು!" ಎಂದ ಮಾಮಾ. "ನಾಯಿ ಇಷ್ಟ ಲಗೂನ ಹೆಂಗ ಒಯ್ತು? ಈಗಷ್ಟ ಬಾಗಲದಾಗ ಬಿಟ್ಟ ಬಂದೇನಿ."

ನಾನು ಬಾಗಿಲ ಕಡೆ ನೋಡಿದೆ. ಮಾಮಾನ ಬಲಗಾಲಿನ ಚಪ್ಪಲಿ ಅಲ್ಲಿ ಒಂಟಿಯಾಗಿ, ನೀಟಾಗಿ ನಿಂತಿತ್ತು. ಪ್ರವೀಣನ ಕೈಯಲ್ಲಿದ್ದದ್ದು ಎಡಗಾಲಿನದು. ನಾಯಿ ಅದನ್ನು ಮೇಲಿನಿಂದ ಒಯ್ದಿರಲಿಲ್ಲ; ಅದು ಮೇಲಕ್ಕೆ ಬಂದೇ ಇರಲಿಲ್ಲ. ಮೆಟ್ಟಿಲ ಮೇಲೆ ಕಾಲಿನಿಂದ ಕಳಚಿ ಬಿದ್ದಿತ್ತು, ಮಾಮಾನಿಗೆ ಗೊತ್ತೇ ಆಗಿರಲಿಲ್ಲ. ಇಲ್ಲದ ಚಪ್ಪಲಿಯನ್ನು ಅವನು ಬಾಗಿಲಲ್ಲಿ ಮರ್ಯಾದೆಯಿಂದ ಬಿಟ್ಟು ಬಂದಿದ್ದ.

ಸರ್ ನೆಟ್ಟಗೆ ಕೂತರು. "ಹಿಂಗ ಚಪ್ಪಲಿ ಕಳಚೂದು ಎಷ್ಟ ದಿವಸದಿಂದ?"

"ನಾಕೈದ ದಿವಸ ಆತ್ರಿ. ಚಪ್ಪಲೀನ ಸಡ್ಲ ಆಗೈತಿ. ಹೊಲಸ್ಕೊಂಡೆ, ಮತ್ತ ಸಡ್ಲ ಆತು."

"ಬಲಗಾಲಂದೂ ಸಡ್ಲ ಆಗೈತೇನು?"

ಮಾಮಾ ಬಾಗಿಲಲ್ಲಿದ್ದ ಬಲಗಾಲಿನ ಚಪ್ಪಲಿಯ ಕಡೆ ತಿರುಗಿ ನೋಡಿದ. ಸರ್ ಅವನನ್ನು ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ಬಲಗಾಲಿನ ಬೆರಳುಗಳು ಮೇಲೆದ್ದವು. ಎಡಪಾದ ನೆಲ ಬಿಟ್ಟು ಏಳಲಿಲ್ಲ, ಒದ್ದೆ ಬಟ್ಟೆಯಂತೆ ಪಟ್ಟೆಂದು ಬಿತ್ತು. ಕೆಮ್ಮುತ್ತಿದ್ದವರು ಕೆಮ್ಮು ಬಿಟ್ಟರು. ನಾನು ಅಂದು ಕಲಿತದ್ದನ್ನು ಯಾವ ಪುಸ್ತಕವೂ ಅಷ್ಟು ತಣ್ಣಗೆ ಕಲಿಸಿರಲಿಲ್ಲ: ನೋವು ಕಡಿಮೆಯಾಗಿದೆ ಎಂದು ರೋಗಿ ನಗುತ್ತ ಹೇಳುವಾಗ, ಒಳಗೆ ನರವೊಂದು ಮಾತಾಡಿ ಮಾತಾಡಿ ಸೋತು ಸುಮ್ಮನಾಗುತ್ತಿರಬಹುದು.

"ಈ ಬೆನ್ನಿಗೆ ಕೈನೂ ಇಲ್ಲ, ಕಾಲೂ ಇಲ್ಲ" ಎಂದರು ಸರ್. "ಯಜಮಾನ್ರ, ಇವತ್ತ ಸ್ಕ್ಯಾನಿಂಗ್ ಆಗಬೇಕು. ಇವತ್ತ ನರದ ಸರ್ಜನ್ನರಿಗೆ ತೋರಸಬೇಕು. ತಡಾ ಮಾಡಿದ್ರ ಪಾದ ಹಿಂಗ ಉಳಿಬಹುದು."

"ಆಪರೇಶನ್ನಾ?" ಮಾಮಾನ ಮುಖದಲ್ಲಿ ವಿಭೂತಿಗೂ ಚರ್ಮಕ್ಕೂ ವ್ಯತ್ಯಾಸ ಉಳಿಯಲಿಲ್ಲ. "ಆಪರೇಶನ್ ಆದ್ರ ಗಾದಿ ಮ್ಯಾಲ ಕುಂಡ್ರಾಕ ಬರ್ತೈತೇನ್ರಿ?"

"ಅದನ್ನ ಅವರು ಹೇಳ್ತಾರ. ಮಾಡಸಲಿಲ್ಲಂದ್ರ ನಿಂದ್ರಾಕ ಬರ್ತೈತೋ ಇಲ್ಲೋ, ಅದು ಮೊದಲನೇ ಮಾತು."

ಮಾಮಾ ಎದ್ದ. ಕರದಂಟಿನ ಡಬ್ಬಿ ಮೇಜಿನ ಮೇಲಿಟ್ಟ. ಸರ್‌ಗೆ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿ, "ನೀ ಒದೀತಿಯೋ ಇಲ್ಲೋ, ಅಷ್ಟ ಹೇಳು" ಎಂದ.

ಇಲ್ಲ ಎಂದೆ. ಒದ್ದರೆ ಅಪಾಯವೆಂದು ನನಗೆ ಗೊತ್ತಿತ್ತು. ಸುಮ್ಮನೆ ಕಾಲು ಮುಟ್ಟಿಸಿದ್ದರೂ ಅವನು "ಹಗೂರಾತು" ಎಂದು ಬಾದಾಮಿಯ ಬಸ್ಸು ಹತ್ತಿ, ಗಾದಿ ಸೇರಿಬಿಡುತ್ತಿದ್ದ. ನನ್ನ ಕಾಲಿನ ಮೇಲಿನ ಅವನ ವಿಶ್ವಾಸ ಅವನ ಕಾಲನ್ನೇ ತಿನ್ನುತ್ತಿತ್ತು. ಒಬ್ಬರು ನಮ್ಮನ್ನು ಇಷ್ಟು ನಂಬುವುದು ಎಂಥ ತೊಂದರೆಯ ಸಂಗತಿ ಎಂದು ನಾನು ಅದಕ್ಕೂ ಮೊದಲು ಯೋಚಿಸಿರಲಿಲ್ಲ.

"ಆತು ಬಿಡು" ಎಂದ ಮಾಮಾ. "ಚೊಳಚಗುಡ್ಡದಾಗ ಒಬ್ಬ ಪೈಲ್ವಾನ ಅದಾನ. ಅವನೂ ಕಾಲ ಮುಂದಾಗೇ ಹುಟ್ಟ್ಯಾನ. ಅವ ಒದ್ದನಂದ್ರ ಮನಶ್ಯಾ ಮೊದಲ ಹಾರತಾನ, ಆಮ್ಯಾಲ ಟೊಂಕ ಬಿಡತೈತಿ. ನಿನ್ನಂಗ ಕಲತು ಕೆಟ್ಟಿಲ್ಲ."

ಸರ್ ಅವರ ಮುಖ ನೋಡಿದೆ. ಆ ಪೈಲ್ವಾನನ ಪಾದ ಈ ಟೊಂಕದ ಮೇಲೆ ಬೀಳುವ ದೃಶ್ಯ ಅವರ ಕಣ್ಣಲ್ಲೂ ಓಡುತ್ತಿತ್ತು. ಮಾಮಾ ಬಾಗಿಲಿಗೆ ಹೋಗಿ ಬಲಗಾಲಿನ ಚಪ್ಪಲಿ ಮೆಟ್ಟಿ, ಎಡಗಾಲಿನದಕ್ಕಾಗಿ ಪ್ರವೀಣನ ಮುಂದೆ ಕೈಚಾಚಿದ. ಪ್ರವೀಣ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ಕೊಡಲಿಲ್ಲ. ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಆ ಎಳೆದಾಟದ ನಡುವೆ ನಾನು ಇಳಕಲ್ಲಿಗೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿ, ಸ್ಪೀಕರ್ ಒತ್ತಿ ಹಿಡಿದೆ. ತನ್ನ ಅಕ್ಕನ ಮಾತು ಬಿಟ್ಟರೆ ಮಾಮಾ ಬೇರೆ ಯಾರ ಮಾತಿಗೂ ನಿಲ್ಲುವವನಲ್ಲ.

ಅವ್ವ ಎಲ್ಲ ಕೇಳಿಸಿಕೊಂಡಳು. ಹಿಂದೆ ಎಲ್ಲೋ ಮಗ್ಗದ ಸಪ್ಪಳ ಕೇಳುತ್ತಿತ್ತು ಎಂದು ನನಗೆ ನೆನಪು. ಪ್ರವೀಣನನ್ನು ಕೇಳಿದರೆ ಅದು ಕ್ಲಿನಿಕ್ಕಿನ ಫ್ಯಾನು ಎನ್ನುತ್ತಾನೆ. ಆಮೇಲೆ ಅವಳು ಕರೆದಳು: "ಸಂಗ್ಯಾ."

"ಏನ ಯಕ್ಕಾ."

"ನೀಲಾ ಕಾಲ ಮುಂದಾಗಿ ಹುಟ್ಟಿಲ್ಲೋ. ಎಲ್ಲಾರಂಗ ತಲಿ ಮುಂದ ಮಾಡೇ ಹುಟ್ಟ್ಯಾಳ."

ಮಾಮಾ ನನ್ನ ಕಾಲನ್ನು ನೋಡಿದ. ನಾನೂ ನೋಡಿಕೊಂಡೆ. ಪಾಪ, ಅದು ಅಂದಿನವರೆಗೂ ಮರ್ಯಾದಸ್ತ ಕಾಲಾಗಿತ್ತು.

"ಸುಳ್ಳ ಹೇಳಬ್ಯಾಡ ಯಕ್ಕಾ. ನನಗ ಟೊಂಕಾ ಬಿಡಿಸ್ಯಾಳ."

"ಏನ ಟೊಂಕಾ? ಹುನಗುಂದಕ್ಕ ಕನ್ಯಾ ನೋಡಾಕ ಹೋಗೂದಿತ್ತು. ನೀ ಅಂಜಿಕೊಂಡು, ಟೊಂಕಾ ಹಿಡದೈತಿ ಅಂತ ನಮ್ಮ ಮನ್ಯಾಗ ಬಂದು ಮಕ್ಕೊಂಡಿದ್ದಿ. ಅಲ್ಲೆ ಜನಾ ಅಡಿಗಿ ಮಾಡಿಕೊಂಡು ಕುಂತಿದ್ರು. ನಿನ್ನ ಎಬ್ಬಸಾಕ ನನಗ ಬ್ಯಾರೆ ದಾರಿ ಸಿಗಲಿಲ್ಲ. ಕೂಸು ಕಾಲ ಮುಂದಾಗಿ ಹುಟ್ಟೈತಿ ಅಂತ ಹೇಳಿ ಒದಿಸಿದೆ. ನೀ ಎದ್ದಿ, ಅಂಗಿ ಹಾಕ್ಕೊಂಡಿ, ಹೋದಿ. ಆಮ್ಯಾಲ ಓಣ್ಯಾಗೆಲ್ಲಾ ನೀನ ಡಂಗುರಾ ಹೊಡದಿ. ನಾ ಏನ ಮಾಡ್ಲಿ?"

ಮಾಮಾ ಕುರ್ಚಿಯ ಮೇಲೆ ಕುಸಿದ. ಹೊಸದಾಗಿ ಹೊಳೆದ ಭಯದಿಂದ ಕೇಳಿದ: "ಹಂಗಾದ್ರ ನನ್ನ ಮದುವಿ?"

"ಅದು ಖರೆ ಐತಿ. ಅದಕ್ಕ ಈಗ ಏನೂ ಮಾಡಾಕ ಬರೂದಿಲ್ಲ" ಎಂದಳು ಅವ್ವ. "ಕಾಲಿಂದ ಏನೂ ಆಗೂದಿಲ್ಲೋ ತಮ್ಮಾ, ಆಕೀದಾಗ್ಲಿ, ಆ ಪೈಲ್ವಾನಂದಾಗ್ಲಿ. ನಿನ್ನ ಕಾಲ ನೆಟ್ಟಗಿದ್ರ ಅಷ್ಟ ಸಾಕು ನನಗ. ಸರ್ ಹೇಳಿದಂಗ ಕೇಳು." ದನಿಯ ತುದಿ ಸ್ವಲ್ಪ ಒದ್ದೆಯಾಗಿತ್ತು. ನೋಡಿದ್ದಲ್ಲ, ನನಗೆ ಅನಿಸಿದ್ದು.

ಮಾಮಾ ಸ್ಕ್ಯಾನಿಂಗಿಗೆ ಹೊರಟ. ಪ್ರವೀಣ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಆಟೋ ಹತ್ತಿ ಜೊತೆಗೇ ಬಂದ. ಅದನ್ನು ಕೊಟ್ಟದ್ದು ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ. ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ ಜಾರಿ ನರದ ಮೇಲೆ ಕೂತಿತ್ತು, ಮಾಮಾ ಗಾದಿಯ ಮೇಲೆ ಕೂರುವಷ್ಟೇ ನಿಶ್ಚಿಂತೆಯಿಂದ. ಸರ್ಜನ್ನರು ತಡಮಾಡದೆ ಆಪರೇಶನ್ ಮಾಡಿದರು. ಪಾದ ಒಮ್ಮೆಲೇ ಏಳಲಿಲ್ಲ. ತಿಂಗಳುಗಟ್ಟಲೆ ನಾನು ಬಾದಾಮಿಗೆ ಹೋಗಿ ವ್ಯಾಯಾಮ ಮಾಡಿಸಿದೆ. ಆ ದಿನಗಳಲ್ಲಿ ಮಾಮಾ ನನ್ನನ್ನು 'ತಲಿ ಮುಂದಿನಾಕಿ' ಎಂದು ಕರೆಯುತ್ತಿದ್ದ, ಮೋಸ ಮಾಡಿದ ವ್ಯಾಪಾರಿಯನ್ನು ಕರೆಯುವ ದನಿಯಲ್ಲಿ. ಒಂದು ಸಂಜೆ ಅವನ ಎಡಗಾಲಿನ ಹೆಬ್ಬೆರಳು ನಿಧಾನವಾಗಿ ಮೇಲೆದ್ದಿತು, ಸಭೆಯಲ್ಲಿ ಸಂಕೋಚದವರು ಕೈಯೆತ್ತಿದ ಹಾಗೆ. ಅತ್ತಿ ಅಳತೊಡಗಿದಳು. ಮಾಮಾ ಮಾತ್ರ, "ಇದ್ರಾಗ ಅಳೂದೇನೈತಿ, ಒಂದ ಬಟ್ಟ ಎದ್ದೈತಿ ಅಷ್ಟ" ಎನ್ನುತ್ತ ಅದನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ. ಈಗ ಅವನು ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರುತ್ತಾನೆ. ಹಳೆಯ ಗಿರಾಕಿಗಳು ಅಂಗಡಿ ಬೇರೆಯವರಿಗೆ ಹೋಯಿತೇನೋ ಎಂದು ಬಾಗಿಲಲ್ಲೇ ಅನುಮಾನಿಸುತ್ತಾರಂತೆ.

ನನ್ನ ಕೇಸು ಗೆದ್ದಿತೇ? "ರೋಗಿ ಗೆದ್ದಾರ, ನೀ ಮತ್ತೊಂದ ಕೇಸ್ ತಗೊಂಡ ಬಾ" ಎಂದರು ಸರ್. ಇನ್ನೊಂದು ಕೇಸು ತಂದು ಗೆದ್ದೆ, ಈಗ ನನ್ನ ಕೈಗೆ ಅಪ್ಪಣೆಯಿದೆ. ಆದರೆ ಅಪ್ಪಣೆ ಬಂದ ದಿನದಿಂದ ಕಾಲು ಕಾಡತೊಡಗಿತು. ಅವ್ವನ ಹೇಳಿಕೆಗಳನ್ನು ಕುರ್ಚಿಯ ಮೇಲೆ ಕೂರಿಸಿ ಚರ್ಚಿಸಿದೆ. ಬಾಲ್ಯವಿಡೀ ಹೇಳಿದ್ದು ಒಂದು, ಫೋನಿನಲ್ಲಿ ಹೇಳಿದ್ದು ಇನ್ನೊಂದು. ಎರಡೂ ಒಬ್ಬಳೇ ಸಾಕ್ಷಿಯದು, ಎರಡರಲ್ಲೂ ತಮ್ಮನನ್ನು ಎಬ್ಬಿಸಿ ಎಲ್ಲಿಗೋ ಕಳಿಸುವ ತುರ್ತು. ಒಮ್ಮೆ ಹೆಣ್ಣಿನ ಮನೆಗೆ, ಒಮ್ಮೆ ಆಸ್ಪತ್ರೆಗೆ. ಅವಳು ಸುಳ್ಳು ಹೇಳಿದ್ದಾಳೆ ಎಂಬುದು ಖಚಿತ. ಯಾವ ಸಲ ಎಂಬುದಷ್ಟೇ ಪ್ರಶ್ನೆ. ಹೆರಿಗೆ ಮಾಡಿಸಿದ ಸೂಲಗಿತ್ತಿ ಈಗಿಲ್ಲ, ಅಜ್ಜಿ ಇಲ್ಲ. ಅಪ್ಪನನ್ನು ಕೇಳಿದರೆ, "ನನಗೇನ ಗೊತ್ತು, ನಾ ಬಸ್‌ಸ್ಟ್ಯಾಂಡಿನ್ಯಾಗ ಚಾ ಕುಡೀಲಿಕ್ಕ ಹೋಗಿದ್ದೆ" ಎನ್ನುತ್ತಾರೆ, ನಾನು ಹುಟ್ಟಿದ್ದು ತಮ್ಮ ಗೈರುಹಾಜರಿಯಲ್ಲಿ ನಡೆದ ಅನ್ಯಾಯವೆಂಬಂತೆ.

ಇಷ್ಟಕ್ಕೂ ಹೇಗೆ ಹುಟ್ಟಿದರೇನು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಹುಟ್ಟಿದ ರೀತಿಯಿಂದ ನನಗೇನೂ ಆಗಬೇಕಿಲ್ಲ. ಆದರೆ ದೊಡ್ಡವರು ನನ್ನ ಮುಂದೆ ಬೋರಲು ಮಲಗಿ, ತಮ್ಮ ನೋವನ್ನು ಒಂದು ಕೂಸಿನ ಪಾದಕ್ಕೆ ಒಪ್ಪಿಸಿ ಕಣ್ಣು ಮುಚ್ಚುತ್ತಿದ್ದರಲ್ಲ, ಆ ಕ್ಷಣದಿಂದಲೇ ನಾನು ಈ ಕಸುಬಿನವಳಾದೆ ಎಂದು ನಂಬಿಕೊಂಡು ಬಂದಿದ್ದೇನೆ. ಅದರ ಬುಡದಲ್ಲಿರುವುದು ಒಬ್ಬ ಹೆದರಿದ ವರನನ್ನು ಅಂಗಿ ತೊಡಿಸಿ ಹೊರಡಿಸಲು ಹೇಳಿದ ಸುಳ್ಳೇ ಆದರೆ ನನಗೆ ಬೇಸರವಿಲ್ಲ, ನಗು ಬರುತ್ತದೆ. ತಿಳಿದು ನಗಬೇಕು ಎಂಬುದಷ್ಟೇ ಆಸೆ.

ಕಳೆದ ತಿಂಗಳು ಇಳಕಲ್ಲಿಗೆ ಹೋದಾಗ ಅವ್ವನಿಗೇ ಟೊಂಕ ಹಿಡಿದಿತ್ತು. ಮಂಚದ ಮೇಲೆ ಮಲಗಿಸಿ, ಸರ್ ಕಲಿಸಿದಂತೆ ಎಲ್ಲ ಕೇಳಿದೆ, ನಾಚದೆ ಎಲ್ಲವನ್ನೂ ಕೇಳಿದೆ. ಪಾದ ಎತ್ತಿಸಿ ನೋಡಿದೆ, ಬೆರಳಿನ ಬಲ ನೋಡಿದೆ. ಹೆದರುವಂಥದ್ದೇನೂ ಇರಲಿಲ್ಲ, ಬರೀ ಸ್ನಾಯು ಬಿಗಿದಿತ್ತು. ನನ್ನ ಓದಿಗೆಲ್ಲ ಇದೇ ಸಾರ್ಥಕತೆಯೆಂದು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡೆ. ಅವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ಕೈಲೆ ಮಾಡೂದು ಆಮ್ಯಾಲ ಮಾಡು" ಎಂದಳು, ದಿಂಬಿನೊಳಗಿಂದ. "ಮೊದಲ ಒಂದೀಟ ಕಾಲ ಇಡು."

ಮಂಚದ ಪಕ್ಕದಲ್ಲಿ ಒಂದೇ ಕಾಲಿನ ಮೇಲೆ ನಿಂತು ನಾನು ಕೇಳಿದೆ:

"ಅವ್ವಾ, ಹಂಗಾದ್ರ ಆವತ್ತ ಮಾಮಾಗ ಫೋನಿನ್ಯಾಗ ಹೇಳಿದ್ದು?"